ಲ್ಯಾಂಗ್‌ಮ್ಯೂರ್ ಪ್ರೋಬ್ ತಪ್ಪು ತೋರಿಸುತ್ತಿದ್ದದ್ದು ಯಾಕೆ

ಮಡಿಕೇರಿಯ ನಮ್ಮ ಲ್ಯಾಬಿನಲ್ಲಿ 13.56 ಮೆಗಾಹರ್ಟ್ಸ್‌ನ ಆರ್ಗಾನ್ ಪ್ಲಾಸ್ಮಾ. ಅದರ ತಾಪಮಾನ, ಸಾಂದ್ರತೆ ಅಳೆಯಲು ಒಳಗಿಟ್ಟ ಸಣ್ಣ ಲೋಹದ ತುದಿಯೇ ಲ್ಯಾಂಗ್‌ಮ್ಯೂರ್ ಪ್ರೋಬ್. ಪ್ರೋಬಿನ ಕರೆಂಟ್-ವೋಲ್ಟೇಜ್ ಗೆರೆಯಲ್ಲಿ ತಿರುವೇ ಕಾಣುತ್ತಿರಲಿಲ್ಲ. ಎಲೆಕ್ಟ್ರಾನ್ ತಾಪಮಾನ 9 ಎಲೆಕ್ಟ್ರಾನ್‌ವೋಲ್ಟ್. ಇರಬೇಕಾದದ್ದು 3ರ ಆಸುಪಾಸು. ಸಾಂದ್ರತೆ ದಿನಕ್ಕೊಂದು.

ಮಳೆಗಾಲದ ತೇವ ಇರಬಹುದು ಅಂತ ರಾತ್ರಿಯಿಡೀ ಪಂಪ್ ಓಡಿಸಿದೆ. ತುದಿ ಬದಲಿಸಿದೆ. ಸರಾಸರಿ ಜಾಸ್ತಿ ಮಾಡಿದರೆ ಸುಮ್ನೆ ಗೆರೆ ನುಣುಪಾಯಿತು, ಅಷ್ಟೇ.

ತಪ್ಪಿದ್ದದ್ದು ಚೋಕ್ (ಪ್ರೋಬಿನ ತಂತಿಯಲ್ಲಿ ರೇಡಿಯೋ ಆವರ್ತನದ ಕರೆಂಟನ್ನು ತಡೆಯುವ ಸುರುಳಿ) ಇಟ್ಟ ಜಾಗ. ಅದು ಚೇಂಬರಿನ ಹೊರಗಿತ್ತು. ನಡುವಿನ ಕೇಬಲಿನ ಕೆಪಾಸಿಟೆನ್ಸ್ ಅದರ ಕೆಲಸ ಕೆಡಿಸುತ್ತಿತ್ತು. 13.56ಕ್ಕೆ ಒಂದು, ಅದರ ಎರಡರಷ್ಟಾದ 27.12ಕ್ಕೆ ಇನ್ನೊಂದು ಚೋಕನ್ನು, ಯಾವ ಆವರ್ತನಕ್ಕೆ ಎಷ್ಟು ತಡೆ ಅಂತ ತೋರಿಸುವ ನೆಟ್‌ವರ್ಕ್ ಅನಲೈಸರಿನಲ್ಲಿ ಅಳೆದೇ ಆರಿಸಿದೆ (ಚೋಕಿನ ಮೇಲೆ ಬರೆದ ಅಂಕಿ ನಂಬಬೇಡಿ). ಎರಡನ್ನೂ ಸರಣಿಯಲ್ಲಿ, ತುದಿಯ ಬೆನ್ನಿಗೇ, ಸೆರಾಮಿಕ್ ಕೊಳವೆಯೊಳಗೆ ಇಟ್ಟೆ. ಆಮೇಲೆ, ಪ್ಲಾಸ್ಮಾದ ವೋಲ್ಟೇಜ್ ಏರಿಳಿದಂತೆ ತುದಿಯದ್ದೂ ಏರಿಳಿಯಲಿ ಅಂತ, ಕೊಳವೆಯ ಮೇಲೆ ಲೋಹದ ಉಂಗುರ. ಅದರಿಂದ ಚೋಕಿನ ತುದಿ ಕಡೆಗೆ 1 ನ್ಯಾನೋಫ್ಯಾರಡ್ ಕೆಪಾಸಿಟರ್. ಪ್ರತಿ ಸ್ವೀಪಿಗೆ (ವೋಲ್ಟೇಜ್ ಬದಲಿಸುತ್ತ ಕರೆಂಟ್ ಅಳೆಯುವ ಒಂದು ಸುತ್ತು) ಮೊದಲು, ಕೊಳೆ ಹೋಗಲಿ ಅಂತ, ಪಾಸಿಟಿವ್ ವೋಲ್ಟೇಜ್ ಕೊಟ್ಟು ತುದಿಯನ್ನು ಕೆಂಪಗೆ ಕಾಯಿಸಿದೆ.

ತಿರುವು ಚೂಪಾಯಿತು. ತಾಪಮಾನ 3.2ಕ್ಕೆ ಇಳಿಯಿತು.