ಮೋಟರ್‌ಹೋಮ್‌ನ ಚಕ್ರ, ಬೇರಿಂಗ್, ಸಸ್ಪೆನ್ಶನ್: ನನ್ನ ಅನುಭವ

ಕಾರು ನಿಲ್ಲಿಸಿದಾಗ ಅದರ ಹೊರೆ ಇಳಿದಿರುತ್ತದೆ. ಮೋಟರ್‌ಹೋಮ್‌ಗೆ ಆ ಬಿಡುವಿಲ್ಲ. ಮಂಚ, ಒಲೆ, ಬ್ಯಾಟರಿ, ನೀರಿನ ಟ್ಯಾಂಕು ಎಲ್ಲವನ್ನೂ ಹೊತ್ತುಕೊಂಡೇ ತಿಂಗಳುಗಟ್ಟಲೆ ನಿಂತಿರುತ್ತದೆ. ಹಾಗಾಗಿ ಇದರ ಚಕ್ರದ ಕೆಲಸಕ್ಕೆ ನಾನು ಬರೀ ಕಿಲೋಮೀಟರ್ ನೆಚ್ಚುವುದಿಲ್ಲ. ತೂಕ ಎಷ್ಟಿದೆ, ಕಾಲ ಎಷ್ಟಾಯಿತು ಎಂದು ಮೊದಲು ನೋಡುತ್ತೇನೆ.

ಕೆಲಸ ಶುರುವಾಗುವುದೇ ವೇಬ್ರಿಜ್‌ನಲ್ಲಿ. ನೀರು, ಡೀಸೆಲ್ ತುಂಬಿಸಿ, ಸಾಮಾನಿಟ್ಟು, ಜನರನ್ನೂ ಕೂರಿಸಿ ಮುಂದಿನ ಆ್ಯಕ್ಸಲ್ (ಎರಡೂ ಬದಿಯ ಚಕ್ರಗಳನ್ನು ಹೊರುವ ಅಚ್ಚು) ಬೇರೆ, ಹಿಂದಿನದು ಬೇರೆ ತೂಗಿಸುತ್ತೇನೆ. ಒಟ್ಟು ತೂಕ ಮಿತಿಯೊಳಗಿದ್ದರೂ ಹಿಂದಿನ ಆ್ಯಕ್ಸಲ್ ಮಿತಿ ದಾಟಿರಬಹುದು. ಆ್ಯಕ್ಸಲ್‌ಗಳ ನಡುವೆ 4 ಮೀಟರ್ ಇದೆ ಅನ್ನಿ. ಹಿಂದಿನ ಆ್ಯಕ್ಸಲ್‌ನಿಂದ 2 ಮೀಟರ್ ಹಿಂದಕ್ಕೆ 100 ಕೆಜಿ ಇಟ್ಟರೆ ಅದರ ಮೇಲೆ ಬೀಳುವ ಭಾರ 150 ಕೆಜಿ. ಮುಂದೆ 50 ಕೆಜಿ ಕಡಿಮೆಯಾಗಿ ಸ್ಟೀರಿಂಗ್ ಹಿಡಿತ ಕುಗ್ಗುತ್ತದೆ. ಸೈಕಲ್ ಸ್ಟ್ಯಾಂಡನ್ನೂ ಹಿಂದಿನ ಡಿಕ್ಕಿಯನ್ನೂ ತುಂಬುವಾಗ ಈ ಲೆಕ್ಕ ಬಿಡಬೇಡಿ. ಟೈರಿನ ಗಾಳಿಯನ್ನೂ ಇದೇ ತೂಕ ನೋಡಿ, ತಯಾರಕರ ಪಟ್ಟಿಯಂತೆ, ಟೈರ್ ತಣ್ಣಗಿರುವಾಗ ಹಿಡಿಸುತ್ತೇನೆ.

ಈ ಗಾಡಿಗಳಲ್ಲಿ ಟೈರಿನ ಬಟನ್ (ನೆಲಕ್ಕೆ ತಾಗುವ ರಬ್ಬರ್ ಹಲ್ಲು) ಸವೆಯುವ ಮೊದಲೇ ರಬ್ಬರ್ ಮುದಿಯಾಗುತ್ತದೆ. ಪಕ್ಕದ ಗೋಡೆಯ ಮೇಲಿನ ಡಿಒಟಿ (DOT) ಅಕ್ಷರಗಳಿರುವ ಸಾಲಿನ ಕೊನೆಯ ನಾಲ್ಕು ಅಂಕೆ ಓದಿ: 2319 ಎಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗೋಡೆಯಲ್ಲಿ ಬಿರುಕು ಕಂಡರೆ ಬಟನ್ ಎಷ್ಟೇ ಇರಲಿ, ಆ ಟೈರ್ ನನಗೆ ಬೇಡ.

ಬೇರಿಂಗ್ ನೋಡಲು ಗಟ್ಟಿಯಾದ ಸಮತಟ್ಟು ನೆಲ ಬೇಕು. ನೆಲದ ಮೇಲಿರುವ ಚಕ್ರಗಳಿಗೆ ಅಡೆ ಕೊಟ್ಟು, ಚಾಸಿಯ ಗೊತ್ತುಪಡಿಸಿದ ಜಾಗದಲ್ಲಿ ಜಾಕ್ ಏರಿಸಿ, ಸ್ಟ್ಯಾಂಡ್ ಮೇಲೆ ಕೂರಿಸುತ್ತೇನೆ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಕೈಯನ್ನೂ ಹಾಕುವುದಿಲ್ಲ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಆಟ (ಸಡಿಲ ಅಲುಗಾಟ) ಕಂಡರೆ ಜೊತೆಗಿದ್ದವರಿಗೆ ಬ್ರೇಕ್ ಒತ್ತಲು ಹೇಳುತ್ತೇನೆ. ಆಟ ನಿಂತರೆ ದೋಷ ಬೇರಿಂಗ್‌ನಲ್ಲಿ, ಉಳಿದರೆ ಬಾಲ್ ಜಾಯಿಂಟ್ (ಸಸ್ಪೆನ್ಶನ್‌ನ ಗುಂಡು ಕೀಲು) ಕಡೆ ಹುಡುಕಬೇಕು. ಆಮೇಲೆ ಸ್ಪ್ರಿಂಗ್ ಮೇಲೆ ಬೆರಳಿಟ್ಟು ಚಕ್ರ ತಿರುಗಿಸುತ್ತೇನೆ. ಕಿವಿಗೆ ಕೇಳದ ಗರಗರ ಬೆರಳಿಗೆ ತಿಳಿಯುತ್ತದೆ.

ಹೊಸ ಗಾಡಿಗಳಲ್ಲಿ ಹೆಚ್ಚಾಗಿ ಸೀಲ್ ಆದ ಹಬ್ (ಬೇರಿಂಗ್ ಒಳಗೇ ಇರುವ ಚಕ್ರದ ನಡುಭಾಗ) ಇರುತ್ತದೆ. ಕೆಟ್ಟರೆ ಇಡೀ ಹಬ್ ಬದಲಿಸುವುದೇ ದಾರಿ. ಟೇಪರ್ ರೋಲರ್ (ಒಂದು ತುದಿ ಸಣ್ಣಗಿರುವ ಉರುಳೆಗಳ) ಬೇರಿಂಗ್ ಇದ್ದರೆ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಪೂರ್ತಿ ಒಣಗಿಸುತ್ತೇನೆ. ಗಾಳಿ ಬಿಟ್ಟು ಗಿರ್ರನೆ ತಿರುಗಿಸಬಾರದು, ರೋಲರ್ ಸಿಡಿದು ಬಂದೀತು. ನೀಲಿ ಬಣ್ಣ ತಿರುಗಿದ್ದರೆ ಅತಿಯಾಗಿ ಕಾದಿದೆ ಎಂದರ್ಥ. ರೋಲರ್‌ಗಳಷ್ಟೇ ಅಂತರದಲ್ಲಿ ತುಕ್ಕಿನ ಗೆರೆ ಕಂಡರೆ ತೇವ ಹೊಕ್ಕು, ಬಹಳ ಕಾಲ ನಿಂತೇ ಕೆಟ್ಟಿದೆ. ಎರಡೂ ಸಂದರ್ಭದಲ್ಲಿ ಬೇರಿಂಗ್ ಜೊತೆ ಅದು ಕೂರುವ ಹೊರಗಿನ ಬಳೆಯನ್ನೂ (ಕಪ್) ಬದಲಿಸುತ್ತೇನೆ.

ಬೇರೆ ಬೇರೆ ಜಾತಿಯ ಗ್ರೀಸ್ ಬೆರೆಸಬಾರದು, ಕೆಲವು ಒಂದಕ್ಕೊಂದು ಸೇರಿ ನೀರಾಗುತ್ತವೆ. ಅಂಗೈಯಲ್ಲಿ ಗ್ರೀಸ್ ಇಟ್ಟುಕೊಂಡು, ರೋಲರ್‌ಗಳ ಸಂದಿಯಿಂದ ಆಚೆ ಬದಿಗೆ ಉಕ್ಕಿ ಬರುವವರೆಗೆ ಒತ್ತುತ್ತೇನೆ. ಸೀಲ್, ಸ್ಪ್ಲಿಟ್ ಪಿನ್ ಪ್ರತಿ ಸಲವೂ ಹೊಸವು. ಬೇರಿಂಗ್ ಹಿಡಿದಿಡುವ ನಟ್ ಬಿಗಿಯುವುದೇ ಇಡೀ ಕೆಲಸದ ಜೀವ: ಚಕ್ರ ತಿರುಗಿಸುತ್ತಲೇ ಬಿಗಿದು ಬೇರಿಂಗ್ ಕೂರಿಸಿ, ಸಡಿಲಿಸಿ, ಮತ್ತೆ ಗಾಡಿಯ ಕೈಪಿಡಿ ಹೇಳಿದಷ್ಟೇ ಬಿಗಿ ಕೊಡಬೇಕು. ಬಲ ಹಾಕಿ ಬಿಗಿದರೆ ಬೇರಿಂಗ್ ಸುಟ್ಟುಹೋಗುತ್ತದೆ.

ಸಸ್ಪೆನ್ಶನ್‌ಗೆ ನನ್ನ ಬಳಿ ಒಂದು ಪುಸ್ತಕವಿದೆ. ಚಕ್ರದ ನಡುವಿನಿಂದ ಮೇಲಿನ ಕಮಾನಿನವರೆಗೆ ನಾಲ್ಕೂ ಕಡೆ ಅಳೆದು ಬರೆದಿಡುತ್ತೇನೆ. ಅದೇ ಹೊರೆಗೆ ಅಳತೆ ಇಳಿಯುತ್ತಾ ಬಂದರೆ ಸ್ಪ್ರಿಂಗ್ ಕುಸಿಯುತ್ತಿದೆ. ಸ್ಪ್ರಿಂಗ್ ಪ್ಲೇಟ್‌ಗಳ ಬಿರುಕು, ಅವನ್ನು ಆ್ಯಕ್ಸಲ್‌ಗೆ ಬಿಗಿಯುವ ಯೂ ಬೋಲ್ಟ್, ಶಾಕ್ ಅಬ್ಸಾರ್ಬರ್‌ನಿಂದ ಜಿನುಗುವ ಎಣ್ಣೆ ಆಗಲೇ ನೋಡಿಬಿಡುತ್ತೇನೆ. ರಬ್ಬರ್ ಬುಷ್ (ಕೀಲಿನಲ್ಲಿ ಕೂರುವ ರಬ್ಬರ್ ಬಳೆ) ಬದಲಿಸಿದಾಗ ಬೋಲ್ಟ್‌ನ ಕೊನೆಯ ಬಿಗಿತ ಗಾಡಿ ನೆಲಕ್ಕಿಳಿದ ಮೇಲೆಯೇ ಕೊಡಬೇಕು. ಜೋತುಬಿದ್ದ ಸ್ಥಿತಿಯಲ್ಲಿ ಬಿಗಿದರೆ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ. ಏರ್ ಬೆಲ್ಲೋ (ಸ್ಪ್ರಿಂಗ್‌ಗೆ ನೆರವಾಗುವ ಗಾಳಿ ಚೀಲ) ಹಾಕಿಸಿದರೆ ಗಾಡಿ ಎತ್ತರ ನಿಲ್ಲುತ್ತದೆ ನಿಜ, ಆದರೆ ಅಷ್ಟಕ್ಕೇ ಆ್ಯಕ್ಸಲ್‌ನ ತೂಕದ ಮಿತಿ ಹೆಚ್ಚುವುದಿಲ್ಲ.

ಚಕ್ರದ ನಟ್‌ಗಳನ್ನು ಎದುರುಬದುರಾಗಿ ಟಾರ್ಕ್ ರೆಂಚ್‌ನಲ್ಲಿ (ಬಿಗಿತ ಅಳೆಯುವ ಪಾನಾ) ಬಿಗಿದು, 50ರಿಂದ 80 ಕಿಲೋಮೀಟರ್ ಓಡಿಸಿದ ಮೇಲೆ ಮತ್ತೊಮ್ಮೆ ನೋಡುತ್ತೇನೆ. ಅಲ್ಲೇ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಎಡ ಬಲ ಹಬ್‌ಗಳ ಬಿಸಿ ಹೋಲಿಸುತ್ತೇನೆ. ಒಂದು ಕಡೆ ತೀರಾ ಹೆಚ್ಚಿದ್ದರೆ ಬ್ರೇಕ್ ಹಿಡಿದುಕೊಂಡಿದೆಯೋ, ಬೇರಿಂಗ್ ಬಿಗಿಯಾಗಿದೆಯೋ ಗೊತ್ತಾಗುವವರೆಗೆ ಗಾಡಿ ಮುಂದೆ ಬಿಡುವುದಿಲ್ಲ.