ಫ್ರಾನ್ಸಿಗೆ ಹೊಸದಾಗಿ ಬಂದವರಿಗೆ: ಪಾರ್ತಿಸಿಪ್ ಪಾಸೇ ಕಲಿಯೋದು ಹೀಗೆ

ಫ್ರೆಂಚ್ ಕ್ಲಾಸಿಗೆ ಸೇರಿದ ಹೊಸಬರು ಕೆಲವೇ ವಾರಗಳಲ್ಲಿ ಬಂದು ಕೇಳುವುದು ಇದನ್ನೇ: ‘ಈ ಪಾರ್ತಿಸಿಪ್ ಪಾಸೇ ಪಟ್ಟಿನೆಲ್ಲ ಬಾಯಿಪಾಠ ಮಾಡಲೇಬೇಕಾ?’ ಕ್ರಿಯಾಪದದಿಂದ ಹುಟ್ಟುವ ‘ತೆರೆದ’, ‘ಮುಚ್ಚಿದ’ ಥರದ ರೂಪಕ್ಕೆ ಫ್ರೆಂಚಿನಲ್ಲಿ ಪಾರ್ತಿಸಿಪ್ ಪಾಸೇ ಅಂತಾರೆ. ಪಟ್ಟಿ ಆಮೇಲೆ ನೋಡೋಣ. ಮೊದಲು ನಿಮ್ಮ ಬೀದಿಯಲ್ಲಿ ಒಂದು ಸುತ್ತು ಹಾಕಿ ಬನ್ನಿ.

ಅಂಗಡಿ ಬಾಗಿಲಿಗೆ ನೇತುಹಾಕಿರುವ ‘ಊವೇರ್’, ‘ಫೆರ್ಮೇ’ ಎರಡೂ ಅವೇ. ತೆರೆದಿದೆ, ಮುಚ್ಚಿದೆ. ಮನೆ ಮುಂದಿನ ಬೋರ್ಡಿನಲ್ಲಿ ‘ವಾಂದ್ಯು’ ಅಂತಿದ್ದರೆ ಆ ಮನೆ ಮಾರಿಯಾಗಿದೆ. ಸರ್ಕಾರಿ ಅರ್ಜಿಯಲ್ಲಿ ಹುಟ್ಟಿದ ದಿನಾಂಕದ ಜಾಗದಲ್ಲಿ ‘ನೇ’ ಎಂದಿರುತ್ತದೆ. ಅದರ ಬಾಲಕ್ಕೆ ಬ್ರಾಕೆಟ್ಟಿನಲ್ಲಿ ಇರುವ ಇನ್ನೊಂದು ‘ಇ’ ಹೆಂಗಸರಿಗಾಗಿ. ಬಾಡಿಗೆ ಕರಾರಿಗೆ ಸಹಿ ಹಾಕುವಾಗ ಎಷ್ಟೋ ಕಡೆ ‘ಲ್ಯು ಎ ಆಪ್ರೂವೇ’ ಎಂದು ನಿಮ್ಮ ಕೈಯಲ್ಲೇ ಬರೆಸುತ್ತಾರೆ. ಓದಿದ್ದೇನೆ, ಒಪ್ಪಿದ್ದೇನೆ ಎಂದು. ದಯವಿಟ್ಟು ಪೂರ್ತಿ ಓದಿಯೇ ಬರೆಯಿರಿ.

ಈ ರಚನೆ ನಮಗೆ ತೀರಾ ಹೊಸದಲ್ಲ. ‘ಮುಚ್ಚಿದ ಅಂಗಡಿ’ ಅಂತೀವಿ, ‘ಅಂಗಡಿ ಮುಚ್ಚಿದ್ದಾರೆ’ ಅಂತಲೂ ಅಂತೀವಿ. ಶಾಲೆಯಲ್ಲಿ ಕೃದಂತ ಎಂದು ಓದಿದ್ದು ನೆನಪಿದೆ ಅಲ್ವಾ? ಫ್ರೆಂಚಿನಲ್ಲಿ ಈ ಎರಡೂ ಕೆಲಸಕ್ಕೆ ‘ಫೆರ್ಮೇ’ ಒಂದೇ ಸಾಕು.

ರೂಪ ಮಾಡುವುದು ಸುಲಭ. ‘ಇ-ಆರ್’ನಲ್ಲಿ ಮುಗಿಯುವ ಕ್ರಿಯಾಪದಗಳೇ ಜಾಸ್ತಿ. ಅವುಗಳ ಕೊನೆ ‘ಏ’ ಆಗುತ್ತದೆ: ಪಾರ್ಲೇ (ಮಾತಾಡಿದ), ಮಾಂಜೇ (ತಿಂದ). ‘ಫಿನೀರ್’ (ಮುಗಿಸು) ಥರದವು ‘ಫಿನಿ’, ‘ವಾಂದ್ರ್’ (ಮಾರು) ಥರದವು ‘ವಾಂದ್ಯು’. ಹಟ ಮಾಡುವವು ದಿನಬಳಕೆಯ ಪದಗಳೇ: ಪ್ರಾಂದ್ರ್ (ತಗೋ) ಹೋಗಿ ಪ್ರಿ, ಮೆತ್ರ್ (ಇಡು) ಹೋಗಿ ಮಿ, ಫೇರ್ (ಮಾಡು) ಹೋಗಿ ಫೆ. ದಿನಾ ಕಿವಿಗೆ ಬೀಳುವುದರಿಂದ ಇವೇ ಬೇಗ ಬಾಯಿಗೆ ಬರುತ್ತವೆ.

ನಿಜವಾಗಿ ತೊಡಕಾಗುವುದು ಜೊತೆಗೆ ಬರುವ ಸಹಾಯಕ ಕ್ರಿಯಾಪದ. ನಮಗೆ ‘ಇರು’ ಒಂದೇ ಸಾಕು: ತಿಂದಿದ್ದೇನೆ, ಹೋಗಿದ್ದೇನೆ. ಅವರಿಗೆ ಎರಡು ಬೇಕು. ಹೆಚ್ಚಿನ ಕ್ರಿಯಾಪದಗಳಿಗೆ ‘ಅವ್ವಾರ್’ (ಹೊಂದಿರು); ಹೋಗು, ಬಾ, ಹುಟ್ಟು, ಸಾಯು, ಬೀಳು ಇಂಥ ಕೆಲವಕ್ಕೆ ‘ಎತ್ರ್’ (ಇರು). ಇಲ್ಲಿನ ಮೇಷ್ಟ್ರುಗಳು ಮನೆಯ ಚಿತ್ರ ಬರೆದು ಇದನ್ನು ಕಲಿಸುತ್ತಾರೆ: ಒಳಗೆ ಬರುವುದು, ಹೊರಗೆ ಹೋಗುವುದು, ಹತ್ತುವುದು, ಇಳಿಯುವುದು.

ಹತ್ತುವ, ಇಳಿಯುವ ಮಾತಿನಲ್ಲಿ ಕನ್ನಡ ಚೆನ್ನಾಗಿ ನೆರವಿಗೆ ಬರುತ್ತದೆ. ನಾನು ಇಳಿದೆ: ‘ಝ ಸ್ವಿ ದೆಸಾಂದ್ಯು’. ಸೂಟ್‌ಕೇಸ್ ಇಳಿಸಿದೆ: ‘ಝೇ ದೆಸಾಂದ್ಯು ಲಾ ವಲೀಜ್’. ನಾವು ‘ಇಸು’ ಸೇರಿಸುವ ಕಡೆ ಅವರು ಸಹಾಯಕವನ್ನೇ ಬದಲಿಸುತ್ತಾರೆ. ‘ಮೆಟ್ಟಿಲು ಇಳಿದೆ’ ಅನ್ನುವಾಗ ಮಾತ್ರ ಹುಷಾರು. ನಮ್ಮಲ್ಲಿ ‘ಇಸು’ ಇಲ್ಲ, ಅಲ್ಲಿ ‘ಅವ್ವಾರ್’ ಬೇಕು. ಹಾಗಾಗಿ ‘ಏನನ್ನು?’ ಎಂದು ಕೇಳಿಕೊಳ್ಳಿ. ಉತ್ತರ ಸಿಕ್ಕರೆ ‘ಅವ್ವಾರ್’.

‘ಎತ್ರ್’ ಬಂದಾಗ ಲಿಂಗ, ವಚನ ನೋಡಬೇಕು. ಹೋದನು, ಹೋದಳು ಅನ್ನುವ ನಮಗೆ ಅದು ಕಷ್ಟವಲ್ಲ. ಆದರೆ ‘ನಾನು ಹೋದೆ’ ಎಂದು ಹೆಂಗಸು ಬರೆದರೂ ಗಂಡಸು ಬರೆದರೂ ಕನ್ನಡದಲ್ಲಿ ಒಂದೇ. ಫ್ರೆಂಚಿನಲ್ಲಿ ಹೆಂಗಸು ಕೊನೆಗೆ ಒಂದು ‘ಇ’ ಸೇರಿಸಬೇಕು. ಓದುವಾಗ ಕೇಳಿಸುವುದಿಲ್ಲ, ಬರೆಯುವಾಗ ಮರೆತೇ ಹೋಗುತ್ತದೆ. ನಮ್ಮ ಅಕ್ಕತಂಗಿಯರು ಈಮೇಲ್ ಕಳಿಸುವ ಮುಂಚೆ ಇದೊಂದನ್ನು ನೋಡಿಕೊಳ್ಳಿ.

ಕೊನೆಯಲ್ಲಿ ‘ಇ-ಆರ್’ ಬರೆಯಬೇಕೋ, ಓರೆಗೆರೆಯ ‘ಇ’ ಬರೆಯಬೇಕೋ ಎಂಬ ಅನುಮಾನಕ್ಕೂ ಒಂದು ಉಪಾಯವಿದೆ. ಎರಡರ ಉಚ್ಚಾರಣೆ ಒಂದೇ ಆದ್ದರಿಂದ ಇಲ್ಲಿನ ಶಾಲಾಮಕ್ಕಳೂ ತಡವರಿಸುತ್ತಾರೆ. ಅವರು ಆ ಜಾಗದಲ್ಲಿ ‘ವಾಂದ್ರ್’ ಇಟ್ಟು ಹೇಳಿ ನೋಡುತ್ತಾರೆ. ‘ವಾಂದ್ರ್’ ಸರಿಹೊಂದಿದರೆ ‘ಇ-ಆರ್’, ‘ವಾಂದ್ಯು’ ಸರಿಹೊಂದಿದರೆ ಓರೆಗೆರೆ.

ಕಲಿಯುವಾಗ ಕ್ರಿಯಾಪದವನ್ನು ಒಂಟಿಯಾಗಿ ಬರೆದುಕೊಳ್ಳಬೇಡಿ. ‘ಪ್ರಾಂದ್ರ್, ಝೇ ಪ್ರಿ’, ‘ವನೀರ್ (ಬಾ), ಝ ಸ್ವಿ ವನ್ಯು’ ಎಂದು ಸಹಾಯಕದ ಸಮೇತ ಬರೆದು, ಗಟ್ಟಿಯಾಗಿ ಹೇಳಿ. ಮೊದಲ ದಿನವೇ ‘ಝ ನೇ ಪಾ ಕೊಂಪ್ರಿ’ ಕಲಿತುಬಿಡಿ. ನನಗೆ ಅರ್ಥವಾಗಲಿಲ್ಲ ಎಂದು. ಹಾಗಂದರೆ ಎದುರಿಗಿರುವವರು ಸಾಮಾನ್ಯವಾಗಿ ಇನ್ನೊಮ್ಮೆ ನಿಧಾನವಾಗಿ ಹೇಳುತ್ತಾರೆ.