ಗುಡ್ಡ ಕುಸಿದಾಗ ಮನೆಯವರ ಪಕ್ಕ ನಿಲ್ಲೋರಿಗೆ ಅರ್ಧ ದಿನದ ತರಬೇತಿ

ಮಳೆಗಾಲ ಬಂತು ಅಂದರೆ ಅಂಕೋಲಾ, ಕಾರವಾರದ ಕಡೆ ಹಗ್ಗ, ಟಾರ್ಚು, ಲೈಫ್ ಜಾಕೆಟ್ ಎಲ್ಲ ತಯಾರಾಗುತ್ತದೆ. ಕಾಣೆಯಾದವರಿಗಾಗಿ ದಡದಲ್ಲಿ ಕಾದು ಕೂತ ಮನೆಯವರ ಹತ್ತಿರ ಏನು ಮಾತಾಡಬೇಕು ಅನ್ನೋದನ್ನು ಮಾತ್ರ ಯಾರೂ ಕಲಿಸುವುದಿಲ್ಲ. ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದದ್ದು 2024ರ ಜುಲೈ 16ಕ್ಕೆ, ಅದಕ್ಕೆ ಸಿಕ್ಕಿ ಗಂಗಾವಳಿ ನದಿಯಲ್ಲಿ ಮುಳುಗಿದ ಲಾರಿ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ. ಅಷ್ಟು ದಿನ ಕಾಯುವವರ ಪಕ್ಕ ನಿಲ್ಲೋದಕ್ಕೆ ಒಳ್ಳೆ ಮನಸ್ಸೊಂದೇ ಸಾಲದು.

ತರಬೇತಿ ಜೂನ್ ಮೊದಲ ವಾರ ಇಟ್ಟುಕೊಳ್ಳಿ. 1ನೇ ತಾರೀಕಿಗೆ ಯಾಂತ್ರಿಕ ಮೀನುಗಾರಿಕೆ ನಿಲ್ಲುವುದರಿಂದ ಬೋಟಿನವರೂ ಸಿಗುತ್ತಾರೆ. ಆಶಾ ಕಾರ್ಯಕರ್ತೆಯರು, ಯುವಕ ಸಂಘದವರು ಇರಲಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರನ್ನು ಕೇಳಿ ಒಬ್ಬರನ್ನು ಕರೆಸಿ, ಆದರೆ ಭಾಷಣಕ್ಕಲ್ಲ, ನಾವು ತಪ್ಪು ಮಾಡಿದಾಗ ತಿದ್ದೋದಕ್ಕೆ. ಕೊಂಕಣಿ ಬರುವವರು ಬೇಕೇ ಬೇಕು. ಹೆದ್ದಾರಿ ಅಲ್ವಾ, ಮಲಯಾಳವೋ ತಮಿಳೋ ಬರುವವರ ಫೋನ್ ನಂಬರನ್ನೂ ಮೊದಲೇ ಬರೆದಿಟ್ಟುಕೊಳ್ಳಿ.

ಕಲಿಸುವುದು ಮೂರೇ: ನೋಡು, ಕೇಳು, ಜೋಡಿಸು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯ ಸಾರ ಇದು. ಜಾಗ ಸುರಕ್ಷಿತವೋ, ಯಾರು ಜಾಸ್ತಿ ಕಂಗೆಟ್ಟಿದ್ದಾರೆ ನೋಡು. ಒತ್ತಾಯ ಮಾಡದೆ ಕೇಳು. ನೀರು, ಕಂಬಳಿ, ಸಂಬಂಧಿಕರು, ವೈದ್ಯರು, ಯಾವುದು ಬೇಕೋ ಅದಕ್ಕೆ ಜೋಡಿಸು. ಇಷ್ಟನ್ನು ಹತ್ತು ನಿಮಿಷದಲ್ಲಿ ಹೇಳಿ ಮುಗಿಸಿ, ಉಳಿದ ಹೊತ್ತೆಲ್ಲ ಅಭ್ಯಾಸಕ್ಕೆ.

ಒಬ್ಬರು ಕಾಣೆಯಾದವರ ಅಕ್ಕನಾಗಿ ಕೂರಲಿ. "ನನ್ನ ತಮ್ಮ ಬದುಕಿದ್ದಾನಾ?" ಅಂತ ಕೇಳಲಿ. ಎದುರು ಕೂತವರ ಬಾಯಿಗೆ ಮೊದಲು ಬರುವುದು "ಏನೂ ಆಗಿರಲ್ಲ ಅಕ್ಕಾ, ಸಿಗ್ತಾನೆ" ಅನ್ನೋ ಮಾತು. ಅಲ್ಲೇ ನಿಲ್ಲಿಸಿ. "ನಂಗೆ ಗೊತ್ತಿಲ್ಲ ಅಕ್ಕಾ, ಕೇಳ್ಕೊಂಡು ಬರ್ತೇನೆ" ಅನ್ನಲಿ, ಹೋಗಲಿ, ಸುದ್ದಿ ಇಲ್ಲದಿದ್ದರೂ ವಾಪಸ್ ಬಂದು ಸುದ್ದಿ ಇಲ್ಲ ಅಂತಲೇ ಹೇಳಲಿ, ಯಾಕೆಂದರೆ ಹೋದವರು ತಿರುಗಿ ಬರದೇ ಇರುವುದೇ ಅಲ್ಲಿ ಕೂತವರನ್ನು ಜಾಸ್ತಿ ಸುಡುತ್ತದೆ. ಆಮೇಲೆ ಎರಡು ನಿಮಿಷ ಸುಮ್ನೆ ಪಕ್ಕದಲ್ಲಿ ಕೂರುವ ಅಭ್ಯಾಸ. ಮೊಬೈಲ್ ಜೇಬಿನಲ್ಲಿ. ನಗು ಬರುತ್ತದೆ, ಬರಲಿ. ಇನ್ನೊಂದು ಸುತ್ತಿನಲ್ಲಿ ಕ್ಯಾಮೆರಾ ಹಿಡಿದು ನುಗ್ಗುವವರನ್ನು ಜಗಳವಿಲ್ಲದೆ ದೂರ ನಿಲ್ಲಿಸೋದನ್ನೂ ಮಾಡಿಸಿ.

ಎಲ್ಲರನ್ನೂ ಒಟ್ಟಿಗೆ ಕೂರಿಸಿ "ಏನಾಯ್ತು, ಮೊದಲಿಂದ ಹೇಳಿ" ಅನ್ನುವ ಪದ್ಧತಿ ಬೇಡ. ಹೇಳಬೇಕು ಅನಿಸಿದವರು ಹೇಳುತ್ತಾರೆ. ಬಲವಂತವಾಗಿ ಬಿಡಿಸಿ ಹೇಳಿಸಿದರೆ ಕೆಲವರಿಗೆ ಇನ್ನೂ ಕಷ್ಟವಾಗುತ್ತದೆ.

ಶವ ಎತ್ತಿದ ಹುಡುಗರನ್ನು ಮರೆಯಬೇಡಿ. ಪಾಳಿ ಮಾಡಿ, ಇಬ್ಬಿಬ್ಬರನ್ನೇ ಕಳಿಸಿ, ಪಾಳಿ ಮುಗಿದವರಿಗೆ ಊಟ ಹಾಕಿ ಮನೆಗೆ ಅಟ್ಟಿ. ಮೊದಲ ಕೆಲವು ದಿನ ನಿದ್ದೆ ಬರದೇ ಇರುವುದು, ಬೆಚ್ಚಿಬೀಳುವುದು ಸಹಜ. ತಿಂಗಳಾದರೂ ಹಾಗೇ ಇದ್ದರೆ, ಅಥವಾ ಕುಡಿತ ಜಾಸ್ತಿಯಾದರೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಸಾಯುವ ಮಾತಾಡಿದರೆ ತಿಂಗಳು ಕಾಯಬೇಡಿ, ಒಬ್ಬರನ್ನೇ ಬಿಡಬೇಡಿ, 112ಕ್ಕೆ ಕರೆ ಮಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲೂ ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಎರಡೂ ನಂಬರನ್ನು ಪ್ರತಿಯೊಬ್ಬರ ಗುರುತಿನ ಚೀಟಿಯ ಹಿಂದೆ ಬರೆಸಿ, ಮಳೆಗೆ ಅಳಿಸದ ಹಾಗೆ ಮೇಲೆ ಟೇಪ್ ಅಂಟಿಸಿ.